ಕೊಟ್ಟಿದ್ದು ಚಿನ್ನ, ಕೈಗೆ ಬಂದದ್ದೇನು?

1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಯಾವುದು ಬಂಡವಾಳ ಆಸ್ತಿ, ಯಾವುದು ಅಲ್ಲ ಎಂದು ಹೇಳುವ ಕಲಮೊಂದಿತ್ತು. 'ಅಲ್ಲ' ಎನ್ನುವ ಪಟ್ಟಿಯಲ್ಲಿ ಮೂರು ಹಳೆಯ ಹೆಸರುಗಳಿದ್ದವು: ಶೇ. 6.5ರ ಚಿನ್ನದ ಬಾಂಡ್ 1977, ಶೇ. 7ರ ಚಿನ್ನದ ಬಾಂಡ್ 1980, ರಾಷ್ಟ್ರೀಯ ರಕ್ಷಣಾ ಚಿನ್ನದ ಬಾಂಡ್ 1980. ಇವುಗಳ ಅವಧಿ ಮುಗಿದು ನಾಲ್ಕು ದಶಕ ದಾಟಿದೆ. ಚಿನ್ನವನ್ನು ಕಾಗದದಲ್ಲಿ ಇಟ್ಟುಕೊಳ್ಳುವುದು ನಮ್ಮ ಕಾಲದ ಆವಿಷ್ಕಾರ ಎಂದುಕೊಂಡಿದ್ದರೆ, ಈ ಮೂರು ಹೆಸರುಗಳ ಕಥೆ ಕೇಳಬೇಕು.

1962ರ ಅಕ್ಟೋಬರಿನಲ್ಲಿ ಚೀನಾದೊಂದಿಗೆ ಯುದ್ಧ ಶುರುವಾಯಿತು. ಶಸ್ತ್ರಾಸ್ತ್ರ ತರಿಸಲು ವಿದೇಶಿ ವಿನಿಮಯ ಬೇಕಿತ್ತು, ಬೊಕ್ಕಸದಲ್ಲಿ ಅದು ಸಾಲದು. ಮನೆಮನೆಗಳಲ್ಲಿ ಮಾತ್ರ ಚಿನ್ನವಿತ್ತು. ಹೆಣ್ಣುಮಕ್ಕಳು ಬಳೆ, ಸರ ಬಿಚ್ಚಿ ರಕ್ಷಣಾ ನಿಧಿಗೆ ದಾನ ಕೊಟ್ಟರು. ದಾನ ಕೊಡಲಾಗದವರಿಗೆ ಆಗಿನ ಹಣಕಾಸು ಸಚಿವ ಮೊರಾರ್ಜಿ ದೇಸಾಯಿ ಇನ್ನೊಂದು ದಾರಿ ತೋರಿಸಿದರು: ಚಿನ್ನ ಕೊಡಿ, ಹದಿನೈದು ವರ್ಷದ ಬಾಂಡ್ ತೆಗೆದುಕೊಳ್ಳಿ. ಕೋಲಾರದ ಚಿನ್ನದ ಗಣಿಗಳು ಮೈಸೂರು ಸರ್ಕಾರದಿಂದ ಕೇಂದ್ರದ ಹಣಕಾಸು ಸಚಿವಾಲಯದ ಕೈಗೆ ಹೋದದ್ದೂ ಅದೇ ವರ್ಷ.

ಲೆಕ್ಕ ಹೀಗಿತ್ತು. ಹತ್ತು ಗ್ರಾಂ ಚಿನ್ನಕ್ಕೆ ಸರ್ಕಾರ ಕಟ್ಟಿದ ಬೆಲೆ 53 ರೂಪಾಯಿ 58 ಪೈಸೆ. ಅದು ಅಂತರರಾಷ್ಟ್ರೀಯ ದರ. ನಮ್ಮ ಚಿನಿವಾರ ಪೇಟೆಗಳಲ್ಲಿ ಅದೇ ಚಿನ್ನ ನೂರು ರೂಪಾಯಿ ದಾಟಿತ್ತು. ಕೊಟ್ಟ ದಿನವೇ ಅರ್ಧ ನಷ್ಟ. ಹದಿನೈದು ವರ್ಷದ ಬಡ್ಡಿ ಮತ್ತು ಅಸಲು ಸೇರಿಸಿದರೆ ಸುಮಾರು 106 ರೂಪಾಯಿ, ಅದೂ ರೂಪಾಯಿಯಲ್ಲಿ. 1977ರ ಹೊತ್ತಿಗೆ ಹತ್ತು ಗ್ರಾಂ ಚಿನ್ನದ ಬೆಲೆ ನಾನೂರು ದಾಟಿತ್ತು. ಸರ್ಕಾರವನ್ನು ನಂಬಿ ಚಿನ್ನ ಕೊಟ್ಟವರಿಗೆ ಆ ಹಣದಲ್ಲಿ ಮೂರು ಗ್ರಾಮೂ ಹಿಂದೆ ಸಿಗುತ್ತಿರಲಿಲ್ಲ.

ಜನ ಮುಗಿಬೀಳದಿದ್ದರೆ ಆಶ್ಚರ್ಯವೇನಿಲ್ಲ. ಸರ್ಕಾರ ಆಗ ಬೆತ್ತ ಹಿಡಿಯಿತು. 1963ರ ಜನವರಿಯಲ್ಲಿ ಚಿನ್ನ ನಿಯಂತ್ರಣ ನಿಯಮಗಳು ಬಂದವು. ಹದಿನಾಲ್ಕು ಕ್ಯಾರಟ್ಟಿಗಿಂತ ಶುದ್ಧವಾದ ಚಿನ್ನದಲ್ಲಿ ಹೊಸ ಒಡವೆ ಮಾಡುವಂತಿಲ್ಲ. ಇಪ್ಪತ್ತೆರಡು ಕ್ಯಾರಟ್ಟಿನ ತಾಳಿಗೆ ಒಗ್ಗಿದ್ದ ಜನಕ್ಕೆ ಅದು ಬೇಡವಾಯಿತು. ಪೆಟ್ಟು ಬಿದ್ದದ್ದು ಅಕ್ಕಸಾಲಿಗರ ಮೇಲೆ. ದೇಶದಾದ್ಯಂತ ಕುಲುಮೆಗಳು ತಣ್ಣಗಾದವು, ಎಷ್ಟೋ ಜನ ಕಸುಬು ಬಿಟ್ಟರು, ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಕಳ್ಳಸಾಗಣೆ ಮಾತ್ರ ನಿಲ್ಲಲಿಲ್ಲ. 1966ರಲ್ಲಿ ಹದಿನಾಲ್ಕು ಕ್ಯಾರಟ್ಟಿನ ಕಟ್ಟು ಸಡಿಲವಾಯಿತು. ಆದರೆ 1968ರ ಕಾಯ್ದೆ ಸಾಮಾನ್ಯ ಜನ ಗಟ್ಟಿ ಚಿನ್ನ ಇಟ್ಟುಕೊಳ್ಳುವುದನ್ನು ನಿಷೇಧಿಸಿತು. ಅದು ರದ್ದಾದದ್ದು 1990ರಲ್ಲಿ.

ಇದರ ನಡುವೆ, 1965ರಲ್ಲಿ ಪಾಕಿಸ್ತಾನದೊಂದಿಗೆ ಯುದ್ಧವಾದಾಗ, ಸರ್ಕಾರ ತನ್ನ ತಪ್ಪು ತಿದ್ದಿಕೊಂಡಿತ್ತು. ಆ ಅಕ್ಟೋಬರಿನ ರಕ್ಷಣಾ ಚಿನ್ನದ ಬಾಂಡಿನಲ್ಲಿ ಕೊಟ್ಟದ್ದೂ ಚಿನ್ನ, 1980ರಲ್ಲಿ ಹಿಂದಿರುಗಿಸಿದ್ದೂ ಚಿನ್ನ. ಹೈದರಾಬಾದಿನ ನಿಜಾಮರು ಐದು ಟನ್ ಚಿನ್ನ ದಾನ ಮಾಡಿದರೆಂಬ ಮಾತನ್ನು ಅಲ್ಲಿರುವ ನಮ್ಮ ಓದುಗರು ಕೇಳಿರುತ್ತೀರಿ. ಮಾಹಿತಿ ಹಕ್ಕಿನಡಿ ಹೊರಬಂದ ಉತ್ತರ ಬೇರೆ: ನಿಜಾಮರು ಈ ಯೋಜನೆಯಲ್ಲಿ 425 ಕಿಲೋ ಚಿನ್ನ ಹೂಡಿದ್ದರು. ಅದು ದಾನವಲ್ಲ, ಹೂಡಿಕೆ. ಅಂಥ ಸಿರಿವಂತರು ಕೂಡ ತೂಕಕ್ಕೆ ತೂಕ ಬರುವ ಕಾಗದವನ್ನೇ ಆರಿಸಿದ್ದರು.

ಅರ್ಧ ಶತಮಾನದ ಮೇಲೆ, 2015ರ ನವೆಂಬರಿನಲ್ಲಿ, ಸಾವರಿನ್ ಗೋಲ್ಡ್ ಬಾಂಡ್ ಬಂತು. ಈ ಸಲ ಒಡವೆ ಕೊಡಬೇಕಿರಲಿಲ್ಲ, ಹಣ ಸಾಕು. ಅವಧಿ ಮುಗಿದಾಗ ಅಂದಿನ ಚಿನ್ನದ ಬೆಲೆ. ಮೊದಲ ಕಂತಿನ ದರ ಗ್ರಾಮಿಗೆ 2,684 ರೂಪಾಯಿ. 2023ರ ನವೆಂಬರಿನಲ್ಲಿ ಹಿಂದೆ ಬಂದದ್ದು 6,132 ರೂಪಾಯಿ, ಬಡ್ಡಿ ಬೇರೆ. ಬೆಲೆ ಏರುವ ಭಾರ 1962ರಲ್ಲಿ ಬಿದ್ದದ್ದು ಚಿನ್ನ ಕೊಟ್ಟವರ ಮೇಲೆ. ಈಗ ಸರ್ಕಾರದ ಮೇಲೆ. 2024ರ ಫೆಬ್ರವರಿಯ ಕಂತಿನ ನಂತರ ಹೊಸ ಬಾಂಡ್ ಬರಲಿಲ್ಲ. ಜನರಿಗೆ ಲಾಭವಾದ ಬಾಂಡು ಸರ್ಕಾರಕ್ಕೆ ದುಬಾರಿಯಾಗಿತ್ತು.

ನಮ್ಮ ಅಜ್ಜಿಯರು ಬಾಂಡ್ ಕೊಳ್ಳದೆ ಕಾಸಿನ ಸರ ಮಾಡಿಸಿದರು. ಅದಕ್ಕೂ ನಷ್ಟವಿತ್ತು: ಮಜೂರಿ, ಸವಕಲು, ಕರಗಿಸುವಾಗಿನ ಕಡಿತ, ಕಳ್ಳರ ಭಯ. ಆದರೆ ಮಳೆ ಕೈಕೊಟ್ಟ ವರ್ಷ ಆ ಸರವನ್ನು ಗಿರವಿ ಇಟ್ಟು ಬೀಜ ತರಬಹುದಿತ್ತು, ಸುಗ್ಗಿಯಾದ ಮೇಲೆ ಬಿಡಿಸಿಕೊಂಡರೆ ಅದೇ ತೂಕದ ಅದೇ ಸರ ಕೊರಳಿಗೆ ಮರಳುತ್ತಿತ್ತು. ಅದನ್ನು ಅಜ್ಞಾನ ಎಂದು ಜರೆದವರು 1977ರ ಲೆಕ್ಕವನ್ನು ನೋಡಿರಲಿಕ್ಕಿಲ್ಲ.

ಈಗ ಇಟಿಎಫ್ ಇದೆ, ಮೊಬೈಲಿನಲ್ಲಿ ಹತ್ತು ರೂಪಾಯಿಗೂ 'ಡಿಜಿಟಲ್ ಚಿನ್ನ' ಸಿಗುತ್ತದೆ. ಯಾವುದನ್ನೇ ಕೊಳ್ಳಿ, ಎರಡು ಪ್ರಶ್ನೆ ಕೇಳಿ: ಕೊನೆಯ ದಿನ ನನ್ನ ಕೈಗೆ ಬರುವುದು ಮೊದಲೇ ನಿಗದಿಯಾದ ರೂಪಾಯಿಯೋ, ಚಿನ್ನದ ತೂಕವೋ? ಅದನ್ನು ಕೊಡುವ ಹೊಣೆ ಯಾರದು? 1962ರಲ್ಲಿ ಮೊದಲನೆಯದನ್ನು ಕೇಳದವರು ಹದಿನೈದು ವರ್ಷ ಕಾದು ಉತ್ತರ ತಿಳಿದುಕೊಂಡರು.