ಬೇಟೆಯಾಡಿದ ಸ್ತ್ರೀಯರು ಮತ್ತು ಅಹಿಂಸೆಯ ತಕ್ಕಡಿ

ಶ್ರಾವಕನು ತ್ಯಜಿಸಬೇಕಾದ ಸಪ್ತವ್ಯಸನಗಳನ್ನು ನಮ್ಮ ಶಾಸ್ತ್ರಕಾರರು ಹೆಸರಿಸಿದ್ದಾರೆ. ಜೂಜು, ಮಾಂಸ, ಮದ್ಯ, ವೇಶ್ಯಾಗಮನ, ಬೇಟೆ, ಕಳವು, ಪರಸ್ತ್ರೀಸಂಗ ಇವೇ ಆ ಏಳು. ಇವುಗಳಲ್ಲಿ ಎರಡನ್ನು ಪುರುಷನನ್ನೇ ಕಣ್ಣಮುಂದಿರಿಸಿಕೊಂಡು ಹೇಳಿದುದು ಸ್ಪಷ್ಟ. ಬೇಟೆಯ ಮಾತಿಗೆ ಅಂಥ ಗುರುತಿಲ್ಲ. ಆದರೂ ಬೇಟೆಯೆಂದೊಡನೆ ಅರಸನೋ ಬೇಡನೋ ನೆನಪಿಗೆ ಬರುವನೇ ಹೊರತು ಸ್ತ್ರೀ ನೆನಪಿಗೆ ಬರುವುದಿಲ್ಲ. ಆಯುಧ ಹಿಡಿದು ಬೇಟೆಗೆ ಹೊರಟ ಸ್ತ್ರೀಯನ್ನು ಲೋಕವು ಹೇಗೆ ಕಂಡಿತು, ಹಾಗೆ ಕಾಣುವಾಗ ಏನನ್ನು ಕಾಣದೆ ಹೋಯಿತು ಎಂಬುದು ವಿಚಾರಾರ್ಹವಾದ ಸಂಗತಿ.

ಮೊದಲನೆಯದಾಗಿ, ಅಂಥವಳು ಇದ್ದಳೆಂಬುದನ್ನೇ ನಂಬದ ಕಾಲವೊಂದಿತ್ತು. 1966ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಮಾನವಶಾಸ್ತ್ರಜ್ಞರ ಸಮಾವೇಶವೊಂದು ನಡೆಯಿತು. ಅದರ ಪ್ರಬಂಧಗಳು 1968ರಲ್ಲಿ ‘ಮ್ಯಾನ್ ದಿ ಹಂಟರ್’ ಎಂಬ ಹೆಸರಿನಿಂದ ಗ್ರಂಥರೂಪ ತಾಳಿದವು. ಸ್ತ್ರೀಯರು ಆಯ್ದು ತರುವ ಗೆಡ್ಡೆಗೆಣಸು, ಹಣ್ಣುಹಂಪಲುಗಳ ಮಹತ್ವವು ಅಲ್ಲಿಯೇ ಪ್ರಕಟವಾದರೂ, ಬೇಟೆ ಮಾತ್ರ ಗಂಡಸಿನದೆಂಬ ಎಣಿಕೆ ಬಹುಕಾಲ ಉಳಿಯಿತು. 2018ರಲ್ಲಿ ದಕ್ಷಿಣ ಅಮೆರಿಕದ ಪೆರು ದೇಶದ ಎತ್ತರದ ಸೀಮೆಯಲ್ಲಿರುವ ವಿಲಮಾಯಾ ಪಾಟ್ಜ್ಸಾ ಎಂಬಲ್ಲಿ ಸುಮಾರು 9,000 ವರ್ಷ ಹಿಂದಿನ ಸಮಾಧಿಯೊಂದು ದೊರೆಯಿತು. ಅಸ್ಥಿಗಳ ಬಳಿ ಮೃಗಗಳನ್ನು ಕೊಲ್ಲುವ, ಸುಲಿಯುವ 24 ಕಲ್ಲಿನ ಉಪಕರಣಗಳಿದ್ದವು. ಉತ್ಖನನ ಮಾಡಿದವರು ಇವನಾರೋ ದೊಡ್ಡ ನಾಯಕನಿರಬೇಕೆಂದು ಭಾವಿಸಿದರು. ಹಲ್ಲಿನ ಎನಾಮಲ್ಲಿನ ಪರೀಕ್ಷೆಯಿಂದ ಆ ಅಸ್ಥಿಗಳು 17ರಿಂದ 19 ವರ್ಷದ ತರುಣಿಯವೆಂದು ತಿಳಿದುಬಂದಿತು. 2020ರಲ್ಲಿ ಪ್ರಕಟವಾದ ಅದೇ ಅಧ್ಯಯನದ ಪ್ರಕಾರ, ಅಮೆರಿಕ ಖಂಡಗಳಲ್ಲಿ ಬೇಟೆಯ ಆಯುಧಗಳೊಡನೆ ಹೂಳಲ್ಪಟ್ಟ 27 ಮಂದಿ ಪ್ರಾಚೀನರಲ್ಲಿ 11 ಮಂದಿ ಸ್ತ್ರೀಯರು. ಫಿಲಿಪ್ಪೀನ್ಸ್ ದೇಶದ ಆಗ್ತಾ ಜನಾಂಗದ ಸ್ತ್ರೀಯರು ನಾಯಿಗಳೊಡನೆ ಹೋಗಿ ಕಾಡುಹಂದಿ, ಜಿಂಕೆಗಳನ್ನು ಬೇಟೆಯಾಡುತ್ತಿದ್ದುದನ್ನು 20ನೆಯ ಶತಮಾನದಲ್ಲಿಯೇ ಸಂಶೋಧಕರು ದಾಖಲಿಸಿದ್ದರು. ಹೊಟ್ಟೆಯ ಅಗತ್ಯವಿದ್ದಲ್ಲಿ ಬಾಣವು ಲಿಂಗಭೇದವೆಣಿಸಲಿಲ್ಲ.

ವಿದ್ವಾಂಸರು ಅಲ್ಲಗಳೆದುದನ್ನು ನಮ್ಮ ನಾಡಿನ ಶಿಲ್ಪಿಗಳು ಶತಮಾನಗಳ ಹಿಂದೆಯೇ ಕಲ್ಲಿನಲ್ಲಿ ಕಡೆದಿದ್ದರು. 1117ರಲ್ಲಿ ಹೊಯ್ಸಳ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯೂ ಇದ್ದಾಳೆ. ಶಿಲ್ಪಿ ಅವಳನ್ನು ಹೀಗಳೆಯಲಿಲ್ಲ. ಕನ್ನಡಿ ನೋಡುವವಳಂತೆ, ನರ್ತಿಸುವವಳಂತೆ ಅವಳನ್ನೂ ಸೌಂದರ್ಯದ ಒಂದು ಭಂಗಿಯಾಗಿ ಕಂಡನು. ಅದೇ ಅರಸನ ಪಟ್ಟಮಹಿಷಿ, ಜಿನಭಕ್ತೆಯಾದ ಶಾಂತಲಾದೇವಿ 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ಒಂದೇ ಆಸ್ಥಾನದ ಆಶ್ರಯದಲ್ಲಿ ಬೇಟೆಯ ಚೆಲುವೂ ಅಹಿಂಸೆಯ ಆಲಯವೂ ರೂಪುಗೊಂಡವು.

ಬೇಟೆಯಾಡಿದ ಸ್ತ್ರೀಯನ್ನು ಮುಕ್ತಕಂಠದಿಂದ ಹೊಗಳಿದವನು ಮೊಗಲ್ ಬಾದಶಹ ಜಹಾಂಗೀರ್. ಈತನ ಆತ್ಮಕಥನವು ಬೇಟೆಯ ಲೆಕ್ಕದ ಪುಸ್ತಕವೂ ಹೌದು. 12ನೆಯ ವಯಸ್ಸಿನಿಂದ 50ನೆಯ ವಯಸ್ಸಿನವರೆಗೆ ತನ್ನ ಸಮಕ್ಷಮದಲ್ಲಿ ಬಲಿಯಾದ ಪ್ರಾಣಿಗಳು 28,532, ಅವುಗಳಲ್ಲಿ ತನ್ನ ಕೈಯಿಂದಲೇ ಸತ್ತವು 17,167 ಎಂದು ಅವನು ಬರೆದಿದ್ದಾನೆ. 1617ರಲ್ಲಿ ಅವನ ರಾಣಿ ನೂರ್ ಜಹಾನ್ ಆನೆಯ ಮೇಲಿನ ಅಂಬಾರಿಯೊಳಗಿನಿಂದ ಆರು ಗುಂಡುಗಳಲ್ಲಿ ನಾಲ್ಕು ಹುಲಿಗಳನ್ನು ಹೊಡೆದುರುಳಿಸಿದಳು. ಸಂತುಷ್ಟನಾದ ಬಾದಶಹನು ಅವಳ ಮೇಲೆ 1,000 ಚಿನ್ನದ ನಾಣ್ಯಗಳನ್ನು ಸುರಿಸಿ, ಲಕ್ಷ ರೂಪಾಯಿ ಬೆಲೆಯ ವಜ್ರದ ಕಡಗಗಳನ್ನಿತ್ತನು. ಅವಳ ಮೊದಲ ಗಂಡನ ಬಿರುದು ‘ಶೇರ್ ಅಫ್ಗನ್’, ಎಂದರೆ ಹುಲಿಯನ್ನು ಕೆಡಹಿದವನು. ಆ ಬಿರುದಿನ ಮೇಲೆ ಶ್ಲೇಷೆ ಕಟ್ಟಿ, ರೂಪದಲ್ಲಿ ಹೆಣ್ಣಾದರೂ ಇವಳು ಗಂಡಸರ ಸಾಲಿಗೆ ಸೇರಿದವಳೆಂಬ ಅರ್ಥ ಬರುವಂತೆ ಪದ್ಯ ರಚಿಸಿದವರೂ ಉಂಟೆಂದು ಹೇಳುತ್ತಾರೆ. ಈ ಹೊಗಳಿಕೆಯಲ್ಲಿಯೂ ಬೇಟೆ ಗಂಡಸಿನ ಗುಣವೆಂಬ ಹಳೆಯ ಎಣಿಕೆಯೇ ಅಡಗಿದೆ.

ಎರಡು ವರ್ಷಗಳ ಅನಂತರದ ಘಟನೆ ಇದಕ್ಕಿಂತ ಮಾರ್ಮಿಕವಾದುದು. ಐವತ್ತು ತುಂಬಿದ ಮೇಲೆ ತನ್ನ ಕೈಯಿಂದ ಯಾವ ಜೀವಿಗೂ ನೋವುಂಟುಮಾಡಲಾರೆನೆಂದು ಜಹಾಂಗೀರನು ವ್ರತ ತೊಟ್ಟಿದ್ದನು. ಅವನಿಗೆ ಅಹಿಂಸೆಯ ಮಾತು ಹೊಸದೇನಲ್ಲ. ಪರ್ಯುಷಣದ ದಿನಗಳಲ್ಲಿ ಪ್ರಾಣಿವಧೆಯನ್ನು ನಿಷೇಧಿಸಿದ ಅವನ ಆಜ್ಞೆಯ ಪ್ರಸಂಗವನ್ನು, ಆಗ್ರಾದ ಜೈನಸಂಘವು 1610ರಲ್ಲಿ ವಿಜಯಸೇನಸೂರಿಗಳಿಗೆ ಕಳುಹಿಸಿದ ವಿಜ್ಞಪ್ತಿಪತ್ರದಲ್ಲಿ ಚಿತ್ರಿಸಲಾಗಿದೆ. ಅಂಥ ಬಾದಶಹನು 1619ರಲ್ಲಿ ಮಥುರೆಯ ಬಳಿ ಬೀಡುಬಿಟ್ಟಿದ್ದಾಗ, ರೈತರನ್ನೂ ದಾರಿಹೋಕರನ್ನೂ ಪೀಡಿಸುತ್ತಿದ್ದ ಹುಲಿಯೊಂದರ ಸುದ್ದಿ ಬಂದಿತು. ವ್ರತವಿದ್ದುದರಿಂದ ತಾನು ಬಂದೂಕು ಮುಟ್ಟಲಿಲ್ಲ. ನೂರ್ ಜಹಾನಳಿಗೆ ಹೊಡೆಯಲು ಹೇಳಿದನು. ಹುಲಿಯ ವಾಸನೆಗೆ ಆನೆ ಬೆದರಿ ಅಲುಗುತ್ತಿದ್ದರೂ ಅವಳು ಒಂದೇ ಗುಂಡಿಗೆ ಹುಲಿಯನ್ನು ಕೆಡಹಿದಳು. ವ್ರತವೂ ಉಳಿಯಿತು, ಹುಲಿಯೂ ಸತ್ತಿತು ಎಂಬುದು ಬಾದಶಹನ ಸಮಾಧಾನ.

ಈ ಸಮಾಧಾನವನ್ನು ಜೈನದರ್ಶನವು ಒಪ್ಪುವುದಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯನ್ನು ಕೈಯಿಂದ ಮಾತ್ರ ಅಳೆಯಲಿಲ್ಲ. ಸಂಕಲ್ಪ, ಸಿದ್ಧತೆ, ಕಾರ್ಯಾರಂಭ ಎಂಬ ಮೂರು. ಮನ, ವಚನ, ಕಾಯ ಎಂಬ ಮೂರು. ತಾನು ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಎಂಬ ಮೂರು. ಕ್ರೋಧಾದಿ ನಾಲ್ಕು ಕಷಾಯಗಳು. ಇವನ್ನು ಗುಣಿಸಿದರೆ ಬರುವುದು 108. ಈ ಲೆಕ್ಕದಲ್ಲಿ 1617ರ ಚಿನ್ನದ ನಾಣ್ಯಗಳು ಅನುಮೋದನೆಯಾದರೆ, 1619ರ ಅಪ್ಪಣೆ ಮಾಡಿಸಿದ ಹಿಂಸೆಯಾಗುತ್ತದೆ. ಈ 108ರಲ್ಲಿ ಸ್ತ್ರೀ, ಪುರುಷ ಎಂಬ ಭೇದ ಮಾತ್ರ ಎಲ್ಲಿಯೂ ಬರುವುದಿಲ್ಲ.

ಎರಡು ಘಟನೆಗಳನ್ನು ಒಂದೇ ತೂಕಕ್ಕೆ ಹಾಕುವುದೂ ನ್ಯಾಯವಲ್ಲ. ಮೊದಲನೆಯದು ವಿನೋದಕ್ಕಾಗಿ ನಡೆದ ಸಂಕಲ್ಪೀ ಹಿಂಸೆ. ಎರಡನೆಯದರಲ್ಲಿ ಪ್ರಜೆಗಳ ರಕ್ಷಣೆಯ ಪ್ರಶ್ನೆಯಿತ್ತು. ಗೃಹಸ್ಥನಿಗೆ ಪೂರ್ಣವಾಗಿ ಬಿಡಲಾಗದ ವಿರೋಧೀ ಹಿಂಸೆಯ ಸಮೀಪಕ್ಕೆ ಅದು ಬರುತ್ತದೆ. ಪೆರುವಿನ ತರುಣಿಯ ಹಸಿವನ್ನು ಅರಮನೆಯ ವಿನೋದದೊಡನೆ ಸರಿದೂಗಿಸುವುದೂ ವಿವೇಕವಲ್ಲ. ಕೊಲೆ ಕೊಲೆಯೇ, ಆದರೆ ಕೊಲ್ಲುವವರ ಮನಸ್ಸಿನ ಪ್ರಮಾದವನ್ನೂ ತೂಗಿ ನೋಡಬೇಕೆಂಬುದೇ ಆಚಾರ್ಯರ ಉಪದೇಶ.

ಇನ್ನೊಂದು ಮಾತು ನಮ್ಮವರಲ್ಲಿಯೂ ಕೇಳಿಬರುವುದುಂಟು: ದಯೆ ಸ್ತ್ರೀಯ ಸಹಜ ಸ್ವಭಾವ, ಆದುದರಿಂದ ಅವಳು ಬೇಟೆಯಾಡುವುದು ಹೆಚ್ಚು ನಿಂದ್ಯ ಎಂದು. ಕೇಳಲು ಇದು ಅಹಿಂಸೆಯ ಮಾತಿನಂತಿದೆ, ಆದರೆ ಅಲ್ಲ. ‘ಹೆಣ್ಣಾಗಿ ಕೊಲ್ಲಬಹುದೆ?’ ಎಂದು ಕೇಳುವವನು ‘ಗಂಡಾಗಿ ಕೊಲ್ಲಬಹುದು’ ಎಂಬುದನ್ನು ಮೊದಲೇ ಒಪ್ಪಿಕೊಂಡಿರುತ್ತಾನೆ. ದಯೆಯನ್ನು ಸ್ತ್ರೀಯ ಪಾಲಿಗೆ ಬರೆದುಕೊಟ್ಟು ತಾನು ಋಣಮುಕ್ತನಾಗುವ ಉಪಾಯವಿದು. ಅಣುವ್ರತಗಳು ಶ್ರಾವಕನಿಗೆ ಒಂದು ಬಗೆ, ಶ್ರಾವಿಕೆಗೆ ಇನ್ನೊಂದು ಬಗೆಯಾಗಿಲ್ಲ.

ಬೇಟೆಗಾರ್ತಿ ಇರಲೇ ಇಲ್ಲವೆಂದವರು, ಅವಳ ಚೆಲುವಿಗೆ ಮನಸೋತವರು, ಅವಳ ಗುರಿಯನ್ನು ಹೊಗಳಿದವರು, ಹೆಣ್ಣೆಂಬ ಕಾರಣಕ್ಕೆ ಹಳಿದವರು, ಈ ನಾಲ್ವರೂ ಅವಳನ್ನೇ ನೋಡಿದರು; ಬಾಣ ತಾಗಿದ ಜೀವಿಯನ್ನು ಯಾರೂ ನೋಡಲಿಲ್ಲ. ಮಥುರೆಯ ಬಾದಶಹನನ್ನು ಕಂಡು ನಗುವುದು ಸುಲಭ. ಆದರೆ ಕೈ ಶುಚಿಯಾಗಿಟ್ಟುಕೊಂಡು ಬೇರೆಯವರಿಂದ ಕೆಲಸ ಮಾಡಿಸುವ ವ್ರತ ಅರಮನೆಯಲ್ಲಿ ಮಾತ್ರವಿಲ್ಲ. ದಂತ, ವಿಷ ಮೊದಲಾದವುಗಳ ವಾಣಿಜ್ಯವನ್ನು ನಮ್ಮ ಹಿರಿಯರು ನಿಷೇಧಿಸಿದುದು, ಬಂದೂಕು ಮುಟ್ಟದವನ ಖಾತೆಯಲ್ಲಿಯೂ ಹಿಂಸೆ ಜಮೆಯಾಗಬಲ್ಲದೆಂಬ ಅರಿವಿನಿಂದಲೇ. ಬೇಟೆಗಾರ್ತಿಯನ್ನು ತೂಗುವ ಮೊದಲು ತನ್ನ ಅಂಗಡಿಯ ಲಾಭದಲ್ಲಿ ಮಾಡಿಸಿದ್ದೆಷ್ಟು, ಅನುಮೋದಿಸಿದ್ದೆಷ್ಟು ಎಂದು ತೂಗಿ ನೋಡುವವನೇ ಸಮ್ಯಕ್ ಚಾರಿತ್ರದ ದಾರಿಯಲ್ಲಿ ಮೊದಲ ಹೆಜ್ಜೆಯಿಟ್ಟವನು.