ಮುತ್ತಿಗೆಯ ನಡುವಿನ ಹೆಸರು

ಇಮ್ಮಾನುವೇಲ್

ಡಿಸೆಂಬರ್ ಬಂತೆಂದರೆ ಕಾಗದದ ನಕ್ಷತ್ರಗಳ ಜೊತೆಗೆ ಈ ಹೆಸರೂ ಎಲ್ಲೆಡೆ ಕಾಣಿಸುತ್ತದೆ. ಹಾಗಾಗಿ ಇದನ್ನು ಬರೀ ಹಬ್ಬದ ಪದ ಎಂದುಕೊಂಡವರೇ ಹೆಚ್ಚು.

ಹೀಬ್ರೂವಿನಲ್ಲಿ ‘ಇಮ್ಮಾನು’ ಎಂದರೆ ನಮ್ಮ ಸಂಗಡ, ‘ಏಲ್’ ಎಂದರೆ ದೇವರು. ದಾನಿಯೇಲ, ಸಮುವೇಲ, ಮೀಕಾಯೇಲರ ಬಾಲದಲ್ಲಿರುವುದೂ ಇದೇ ‘ಏಲ್’. ಅರಬ್ಬಿಯ ‘ಇಲಾಹ್’ ಅದರ ದಾಯಾದಿ.

ಕ್ರಿ.ಪೂ. 735ರ ಸುಮಾರು. ಅರಾಮ್ ಮತ್ತು ಇಸ್ರಾಯೇಲಿನ ಅರಸರು ಒಂದಾಗಿ ಯೆರೂಸಲೇಮಿನ ಮೇಲೆ ಏರಿಬಂದಾಗ ಯೆಹೂದದ ದೊರೆ ಆಹಾಜ ನಡುಗಿಹೋದ. ಹುಟ್ಟಲಿರುವ ಮಗುವೊಂದರ ಈ ಹೆಸರನ್ನೇ ಪ್ರವಾದಿ ಯೆಶಾಯ ಅವನಿಗೆ ಗುರುತಾಗಿ ಕೊಟ್ಟ. ಆಹಾಜನಿಗೆ ಅದು ಸಾಲಲಿಲ್ಲ. ಅಸ್ಸೀರಿಯದ ಅರಸನಿಗೆ ಬೆಳ್ಳಿಬಂಗಾರ ಕಳಿಸಿ ನೆರವು ಬೇಡಿದ. ಯೆಶಾಯನ ಗ್ರಂಥದ ಮುಂದಿನ ಅಧ್ಯಾಯದಲ್ಲಿ ಅದೇ ಅಸ್ಸೀರಿಯ ನೆರೆನೀರಾಗಿ ಯೆಹೂದದ ಕುತ್ತಿಗೆಮಟ್ಟ ಏರುತ್ತದೆ. ಅಲ್ಲಿಯೂ ಕೇಳುವುದು ಇದೇ ಹೆಸರಿನ ಕೂಗು! ನೀರು ಏರುವುದೇ ಇಲ್ಲವೆಂಬ ಜಾಮೀನು ಈ ಪದದಲ್ಲಿಲ್ಲ, ಏರಿದಾಗಲೂ ದೇವರು ಜೊತೆಗಿದ್ದಾನೆ ಎಂಬ ನಂಬಿಕೆಯಿದೆ. ಗಾಡಿಯ ಗಾಜಿನ ಮೇಲೆ ತಾಯತದಂತೆ ಬರೆಸುವವರು ಇದನ್ನು ಮರೆಯುತ್ತಾರೆ.

ಮತ್ತಾಯನ ಸುವಾರ್ತೆ ಇದನ್ನು ಯೇಸುವಿಗೆ ಅನ್ವಯಿಸಿ, ಅರ್ಥವನ್ನೂ ಬಿಡಿಸಿ ಹೇಳಿತು. ಗ್ರೀಕಿನಲ್ಲಿ ‘ಎಮ್ಮನೂಯೇಲ್’, ಪೋರ್ಚುಗೀಸಿನಲ್ಲಿ ಮೊದಲಕ್ಷರ ಉದುರಿ ‘ಮನುವೆಲ್’. ವಾಸ್ಕೊ ಡ ಗಾಮನನ್ನು 1497ರಲ್ಲಿ ಹಡಗು ಹತ್ತಿಸಿದ ದೊರೆಯ ಹೆಸರು ಅದೇ. ನಮ್ಮಲ್ಲಿ ಇಮ್ಯಾನುಯೆಲ್, ಎಮ್ಯಾನುಯಲ್ ಎಂದೆಲ್ಲ ಬರೆಯುವುದುಂಟು. ಕನ್ನಡ ಬೈಬಲಿನಲ್ಲಿರುವ ರೂಪ ಇಮ್ಮಾನುವೇಲ್.