ಚಿತ್ರಕ್ಕೆ ಇನ್ನೊಂದು ಜೊತೆ ಕಣ್ಣು: ಹವ್ಯಾಸಿ ಛಾಯಾಗ್ರಹಣ ನಡೆದು ಬಂದ ದಾರಿ

1851ರ ಮಾರ್ಚ್‌ನಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಎಂಬ ಲಂಡನ್ನಿನ ಶಿಲ್ಪಿ, ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವ ಬಳಿದು ಫೋಟೊ ತೆಗೆಯುವ ಬಗೆಯನ್ನು ‘ದಿ ಕೆಮಿಸ್ಟ್’ ಪತ್ರಿಕೆಯಲ್ಲಿ ಬಿಡಿಸಿ ಬರೆದ. ಪೇಟೆಂಟಿನ ಗೋಜಿಗೆ ಹೋಗಲಿಲ್ಲ. ಕಾಗದದ ನೆಗೆಟಿವ್ ಕಂಡುಹಿಡಿದಿದ್ದ ಟಾಲ್ಬಟ್ ಅದೇ ಊರಿನಲ್ಲಿ ತನ್ನ ವಿಧಾನ ಬಳಸುವವರಿಂದ ಹಣ ಕೇಳುತ್ತಿದ್ದ ಕಾಲವದು. ಆರು ವರ್ಷದ ಮೇಲೆ ಆರ್ಚರ್ ಬಡತನದಲ್ಲೇ ತೀರಿಕೊಂಡ. 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಎಂಬ ವೈದ್ಯ ಜೆಲಟಿನ್ ಲೇಪಿಸಿದ ಒಣ ಫಲಕದ ಉಪಾಯವನ್ನು ಹೀಗೇ ಪತ್ರಿಕೆಗೆ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ. ಮುಂದೆ ಬಂದ ಫಿಲ್ಮ್ ರೋಲುಗಳಿಗೆಲ್ಲ ಬುನಾದಿ ಅದೇ.

ಹವ್ಯಾಸಿ ಛಾಯಾಗ್ರಹಣದ ಚರಿತ್ರೆಯನ್ನು ಕ್ಯಾಮೆರಾಗಳ ಚರಿತ್ರೆಯಾಗಿ ಹೇಳುವುದು ರೂಢಿ: ಪೆಟ್ಟಿಗೆ ಚಿಕ್ಕದಾಯಿತು, ಬೆಲೆ ಇಳಿಯಿತು, ಕೊನೆಗೆ ಜೇಬಿಗೆ ಬಂತು. ನನಗೆ ಅದು ಅರ್ಧ ಕಥೆ ಎನಿಸುತ್ತದೆ. ತೆಗೆದ ಚಿತ್ರವನ್ನು ಯಾರು ನೋಡಿದರು, ನೋಡಿ ಏನೆಂದರು, ಆ ಮಾತು ಕೇಳಿ ತೆಗೆದವನು ಮುಂದಿನ ಸಲ ಎಲ್ಲಿ ನಿಂತ ಎಂಬುದು ಉಳಿದರ್ಧ.

ಲಂಡನ್ನಿನ ಫೋಟೊಗ್ರಾಫಿಕ್ ಸೊಸೈಟಿ ಹುಟ್ಟಿದ್ದು 1853ರಲ್ಲಿ. ಮರುವರ್ಷವೇ ಮುಂಬಯಿಯಲ್ಲಿ, 1856ರಲ್ಲಿ ಕೋಲ್ಕತ್ತ ಮತ್ತು ಮದ್ರಾಸುಗಳಲ್ಲಿ ಅಂಥವೇ ಸಂಘಗಳು ಎದ್ದವು. ಸದಸ್ಯರು ಸೇನಾಧಿಕಾರಿಗಳು, ವೈದ್ಯರು, ಕಂಪನಿಯ ನೌಕರರು. ಜೈಪುರದ ಮಹಾರಾಜ ಎರಡನೇ ರಾಮಸಿಂಗ್ ಬಂಗಾಳದ ಸಂಘಕ್ಕೆ ಸೇರಿದ್ದ. 1855ರಲ್ಲಿ ಇಂಗ್ಲೆಂಡಿನ ಕೆಲವರು ಪ್ರಿಂಟುಗಳನ್ನು ಅದಲುಬದಲು ಮಾಡಿಕೊಳ್ಳುವ ಕ್ಲಬ್ ನಡೆಸಿದರು. ಚಿತ್ರದ ಜೊತೆ ಯಾವ ಲೆನ್ಸು, ಯಾವ ವಿಧಾನ, ಎಷ್ಟು ಹೊತ್ತು ಬೆಳಕು ಬಿಟ್ಟದ್ದು ಎಂಬುದನ್ನೂ ಕೊಡುವುದು ಅಲ್ಲಿಯ ಕ್ರಮ. ಇವತ್ತು ಡಿಜಿಟಲ್ ಕಡತದೊಳಗೆ ತಾನಾಗಿ ಕೂರುವ ಮಾಹಿತಿಯನ್ನು ಆಗ ಮನುಷ್ಯರು ಕೈಯಾರೆ ಬರೆಯುತ್ತಿದ್ದರು, ಅಷ್ಟೆ.

ನಮ್ಮ ನೆಲಕ್ಕೆ ಈ ಹವ್ಯಾಸ ಬಂದದ್ದೂ ಆಗಲೇ. ಬೆಂಗಳೂರಿನ ದಂಡಿನಲ್ಲಿದ್ದ ಲಿನೇಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿ 1854ರ ಡಿಸೆಂಬರ್‌ನಲ್ಲಿ ಗೆಳೆಯ ರಿಚರ್ಡ್ ಓಕ್ಲಿಯ ಜೊತೆ ಹಳೇಬೀಡು, ಬೇಲೂರು, ಶ್ರವಣಬೆಳಗೊಳಗಳ ಕಡೆ ಕ್ಯಾಮೆರಾ ಹೊತ್ತು ಹೊರಟ. ಸರ್ಕಾರದ ಕೆಲಸವಲ್ಲ, ಸ್ವಂತ ಹುಚ್ಚು. ಮುಂದಿನ ವರ್ಷ ಮದ್ರಾಸಿನ ಪ್ರದರ್ಶನದಲ್ಲಿ ಆ ಚಿತ್ರಗಳು ತೀರ್ಪುಗಾರರ ಮೆಚ್ಚುಗೆ ಪಡೆದವು. ಟ್ರೈಪ್ ಬರ್ಮಾಕ್ಕೆ ಹೋದ ನಿಯೋಗದ ಅಧಿಕೃತ ಛಾಯಾಗ್ರಾಹಕನಾದ, ಆಮೇಲೆ ಮದ್ರಾಸ್ ಸರ್ಕಾರದವನಾದ. ಹೊಯ್ಸಳ ಗುಡಿಗಳ ಅತ್ಯಂತ ಹಳೆಯ ಫೋಟೊಗಳ ಸಾಲಿಗೆ ಸೇರುವ ಇವು ಹವ್ಯಾಸಿಯೊಬ್ಬನ ಕೈಯವು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಜಗಳಗಳೂ ಅಷ್ಟೇ ಹಳೆಯವು. 1858ರಲ್ಲಿ ಹೆನ್ರಿ ಪೀಚ್ ರಾಬಿನ್‌ಸನ್ ಐದು ನೆಗೆಟಿವ್ ಜೋಡಿಸಿ, ಸಾಯುತ್ತಿರುವ ಹುಡುಗಿಯೊಬ್ಬಳ ಚಿತ್ರ ಮಾಡಿದಾಗ ಇದು ಫೋಟೊವೋ ಮೋಸವೋ ಎಂದು ಗದ್ದಲವೆದ್ದಿತು. 1889ರಲ್ಲಿ ಪೀಟರ್ ಹೆನ್ರಿ ಎಮರ್ಸನ್ ‘ಸಹಜವಾಗಿ ತೆಗೆಯಿರಿ’ ಎಂದು ಪುಸ್ತಕವನ್ನೇ ಬರೆದು ರಾಬಿನ್‌ಸನ್ ಪಂಥವನ್ನು ಜಾಲಾಡಿದ. ಸ್ವಲ್ಪ ದಿನಕ್ಕೆ ಅದರ ಮಾತನ್ನು ತಾನೇ ವಾಪಸು ತೆಗೆದುಕೊಂಡ. ಫೋಟೊಶಾಪ್ ಬಂದ ಮೇಲೆ ಲೋಕ ಕೆಟ್ಟಿತು ಎನ್ನುವವರು ಈ ಜಗಳಗಳ ಕಾಗದಪತ್ರಗಳನ್ನೊಮ್ಮೆ ತಿರುವಿ ಹಾಕಬೇಕು.

1888ರ ಕೊಡ್ಯಾಕ್, 1900ರಲ್ಲಿ ಒಂದು ಡಾಲರಿಗೆ ಸಿಕ್ಕ ಬ್ರೌನಿ ಇವೆರಡೂ ಹವ್ಯಾಸಿಗಳನ್ನು ಎರಡು ಪಂಗಡ ಮಾಡಿದವು. ಒತ್ತಿ ಕೊಟ್ಟು ತೊಳೆಸಿಕೊಳ್ಳುವವರು ಒಂದು ಕಡೆ. ತೊಳೆಯುವುದೂ ಪ್ರಿಂಟು ಹಾಕುವುದೂ ತಮ್ಮ ಕೈಯಲ್ಲೇ ಆಗಬೇಕು ಎನ್ನುವವರು ಇನ್ನೊಂದು ಕಡೆ. ನ್ಯೂಯಾರ್ಕಿನ ಸ್ಟೀಗ್ಲಿಟ್ಜ್ ಎರಡನೆಯವರ ನಾಯಕ. 1903ರಿಂದ 1917ರವರೆಗೆ ಅವನು ಹೊರತಂದ ‘ಕ್ಯಾಮೆರಾ ವರ್ಕ್’ ಅವರ ಕನಸಿನ ಪತ್ರಿಕೆ. ಆದರೆ ಚರಿತ್ರೆ ಬರೆಯುವವರು ಹೆಚ್ಚಾಗಿ ಬಿಟ್ಟುಬಿಡುವ ಬ್ರಿಟನ್ನಿನ ಅಂಚೆ ಪೆಟ್ಟಿಗೆಯೇ ನನಗೆ ಇದಕ್ಕಿಂತ ಪ್ರಿಯ. ಒಂದೊಂದು ಗುಂಪಿಗೆ ಒಂದು ಪೆಟ್ಟಿಗೆ. ಅದು ಅಂಚೆಯಲ್ಲಿ ಮನೆಗೆ ಬರುತ್ತದೆ; ಉಳಿದವರ ಪ್ರಿಂಟುಗಳನ್ನು ನೋಡಿ ಪ್ರತಿಯೊಂದಕ್ಕೂ ಅನಿಸಿದ್ದನ್ನು ಬರೆಯಬೇಕು; ಕಳೆದ ಸುತ್ತಿನ ತನ್ನ ಪ್ರಿಂಟನ್ನು ಅದಕ್ಕೆ ಬಂದ ಅಭಿಪ್ರಾಯಗಳ ಸಮೇತ ತೆಗೆದುಕೊಂಡು, ಹೊಸದೊಂದನ್ನು ಇಟ್ಟು, ಪಟ್ಟಿಯಲ್ಲಿ ಮುಂದಿನವರಿಗೆ ಕಳಿಸಬೇಕು. ಮುಖ ನೋಡದವರ ಕೈಬರಹದಲ್ಲಿ ತನ್ನ ಚಿತ್ರದ ತಪ್ಪುಗಳು! ಬರೆಯದೆ ಪೆಟ್ಟಿಗೆ ದಾಟಿಸುವ ಹಾಗಿರಲಿಲ್ಲವಾದ್ದರಿಂದ ಎಲ್ಲರೂ ಬರೆಯಲು ಕಲಿತರು.

ಸ್ವಾತಂತ್ರ್ಯದ ನಂತರದ ಭಾರತದಲ್ಲಿ ಬೆಂಗಳೂರು ಈ ಹವ್ಯಾಸದ ದೊಡ್ಡ ಕೇಂದ್ರವಾಯಿತು. 1953ರ ಫೆಡರೇಶನ್ ಆಫ್ ಇಂಡಿಯನ್ ಫೋಟೊಗ್ರಫಿಯನ್ನು ಕಟ್ಟಿದವರಲ್ಲಿ ಇಲ್ಲಿಯ ಡಾ. ಜಿ. ಥಾಮಸ್ ಮುಖ್ಯರು, ಭಾರತದ ಫೋಟೊಗ್ರಫಿಯ ಚರಿತ್ರೆಯನ್ನು ಪುಸ್ತಕವಾಗಿ ಬರೆದವರೂ ಅವರೇ. 1971ರಲ್ಲಿ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಶುರುವಾಯಿತು. ಸಿ. ರಾಜಗೋಪಾಲ್ ಅವರ ಹಳ್ಳಿಬದುಕಿನ ಕಪ್ಪುಬಿಳುಪು ಚಿತ್ರಗಳು ಒಂದಿಡೀ ತಲೆಮಾರಿಗೆ ಪಾಠವಾದವು.

ಆ ದಿನಗಳಲ್ಲಿ ಗುಂಪು ಕಟ್ಟಿಸಿದ್ದು ಪ್ರೀತಿ ಮಾತ್ರವಲ್ಲ, ಅಭಾವ ಕೂಡ. ಆಮದು ಸುಂಕ ವಿಪರೀತ. ಮಧ್ಯಮವರ್ಗದ ಮನೆಯಲ್ಲಿ ಆಗ್ಫಾ ಕ್ಲಿಕ್ ತ್ರೀ ಇದ್ದರೆ ಅದೇ ದೊಡ್ಡದು. ಪೂರ್ವ ಜರ್ಮನಿಯ ಓರ್ವೊ ಇಲ್ಲವೇ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ‘ಇಂದು’ ಫಿಲ್ಮೇ ಗತಿ. ನೂರಡಿಯ ಸುರುಳಿಯನ್ನು ನಾಲ್ಕೈದು ಜನ ಸೇರಿ ಕೊಂಡು, ಕತ್ತಲಲ್ಲಿ ಹಳೇ ಕ್ಯಾಸೆಟ್ಟುಗಳಿಗೆ ಸುತ್ತಿಕೊಂಡರೆ ಹದಿನೆಂಟರ ಆಸುಪಾಸು ರೋಲು ಆಗುತ್ತಿತ್ತು. ಮೆಟೋಲ್, ಹೈಡ್ರೊಕ್ವಿನೋನ್, ಸೋಡಿಯಂ ಸಲ್ಫೈಟ್, ಬೊರಾಕ್ಸ್ ತಂದು ತೂಗಿ ಡಿ-76 ಡೆವಲಪರನ್ನು ಮನೆಯಲ್ಲೇ ಬೆರೆಸುತ್ತಿದ್ದರು. ರಾತ್ರಿ ಮನೆಯವರು ಮಲಗಿದ ಮೇಲೆ ಬಚ್ಚಲೇ ಡಾರ್ಕ್‌ರೂಂ. ತಂತಿಗೆ ರಟ್ಟಿನ ಚೂರು ಅಂಟಿಸಿ ಎನ್‌ಲಾರ್ಜರಿನ ಬೆಳಕಿಗೆ ಅಡ್ಡ ಆಡಿಸುತ್ತ ಮುಖದ ನೆರಳನ್ನು ತಿಳಿಯಾಗಿಸುವ ಕೈಚಳಕ ಪುಸ್ತಕ ಓದಿ ಬರುವಂಥದ್ದಲ್ಲ. ಬಲ್ಲವರ ಪಕ್ಕ ನಿಂತೇ ಬರಬೇಕು.

ತಿಂಗಳ ಸಭೆಯ ವಿಮರ್ಶೆಯನ್ನೂ ಹೀಗೆ ಪಕ್ಕ ನಿಂತೇ ಕಲಿಯಬೇಕಾಗಿತ್ತು. ಹೊಸಬನೊಬ್ಬ ಹನ್ನೆರಡು-ಹದಿನೈದು ಇಂಚಿನ ಪ್ರಿಂಟನ್ನು ಸ್ಟ್ಯಾಂಡಿನ ಮೇಲೆ ಇಟ್ಟಿದ್ದಾನೆ: ಜಗಲಿಯಲ್ಲಿ ಕೂತ ಅಜ್ಜಿ. ಹಿರಿಯರೊಬ್ಬರು ಎದ್ದು ಬಂದು ಸುಮ್ಮನೆ ನೋಡುತ್ತಾರೆ.

“ಚೆನ್ನಾಗಿದೆ ಕಣಯ್ಯ. ಆದ್ರೆ ಇದು ಯಾರ ಚಿತ್ರ? ಅಜ್ಜೀದಾ, ಹಿಂದ್ಗಡೆ ಗೋಡೇದಾ?”

“ಅಜ್ಜೀದೇ ಸಾರ್.”

“ಹಂಗಿದ್ಮೇಲೆ ಗೋಡೆ ಯಾಕೆ ಮೊದ್ಲು ಕಣ್ಣಿಗೆ ಹೊಡೀತದೆ?”

ಎಲ್ ಆಕಾರದ ಎರಡು ಕಪ್ಪು ರಟ್ಟನ್ನು ಪ್ರಿಂಟಿನ ಮೇಲಿಟ್ಟು ಸರಿಸುತ್ತಾರೆ. ಬಲಗಡೆಯ ಗೋಡೆ ಮುಚ್ಚುತ್ತದೆ, ಅಜ್ಜಿಯ ಕೈ ಮುಂದೆ ಬರುತ್ತದೆ. ಇನ್ನೊಬ್ಬರು ಹಿಂದಿನಿಂದ “ಬೇಡ, ಗೋಡೆ ಇರ್ಲಿ, ಪ್ರಿಂಟಲ್ಲಿ ಸ್ವಲ್ಪ ಸುಟ್ರೆ ಸಾಕು” ಎನ್ನುತ್ತಾರೆ, ಅಂದರೆ ಅಲ್ಲಿಗೆ ಹೆಚ್ಚು ಬೆಳಕು ಬಿಟ್ಟು ಕಪ್ಪಾಗಿಸುವುದು. ಇಬ್ಬರಿಗೂ ವಾದ ಹತ್ತುತ್ತದೆ. ಹುಡುಗ ಎರಡನ್ನೂ ಕೇಳಿಸಿಕೊಂಡು ಮನೆಗೆ ಹೋಗಿ ಎರಡು ಥರವೂ ಪ್ರಿಂಟು ಹಾಕಿ ನೋಡುತ್ತಾನೆ. ಅಂಥ ಸಂಜೆಗಳಲ್ಲಿ ಯಾರೂ ಅಂಕ ಹಾಕುತ್ತಿರಲಿಲ್ಲ.

ಕರ್ನಾಟಕಕ್ಕೆ ಹೆಚ್ಚು ಹೆಸರು ತಂದದ್ದು ವನ್ಯಜೀವಿ ಛಾಯಾಗ್ರಹಣ. ಬೆಂಗಳೂರಿನಲ್ಲಿ ಓ.ಸಿ. ಎಡ್ವರ್ಡ್ಸ್ ಹಿಡಿಸಿದ ಈ ಗೀಳು ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಿಗೆ ಹತ್ತಿತು. ಪೆರುಮಾಳ್ 1960ರ ದಶಕದ ಆರಂಭದಲ್ಲಿ ಎಡ್ವರ್ಡ್ಸ್ ಅವರಿಂದ ಕಲಿತು, ತೀರಿಕೊಳ್ಳುವ ತನಕ, ಅಂದರೆ 2017ರವರೆಗೂ, ಕಿರಿಯರಿಗೆ ಕಲಿಸುತ್ತ ಬಂದರು. ಸಂಡೂರಿನ ಎಂ.ವೈ. ಘೋರ್ಪಡೆ ದೇವರಾಜ ಅರಸರ ಸರ್ಕಾರದಲ್ಲಿ ಹಣಕಾಸು ಮಂತ್ರಿ. ಬಜೆಟ್ಟು ಮಂಡಿಸುವ ಕೈಯಲ್ಲೇ ಆನೆ, ಹುಲಿಗಳನ್ನು ಕ್ಲಿಕ್ಕಿಸಿ, 1950ರಲ್ಲಿ ಬರ್ನ್‌ನಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಒಕ್ಕೂಟ ಫಿಯಾಪ್‌ನಿಂದ ಮಾಸ್ಟರ್ ಪದವಿ ಪಡೆದರು. ಮೂಡಿಗೆರೆಯ ತೋಟದಲ್ಲಿ ಪೂರ್ಣಚಂದ್ರ ತೇಜಸ್ವಿಯವರದು ಬೇರೆಯೇ ದಾರಿ. ಹಕ್ಕಿಗಳ ಬೆನ್ನು ಹತ್ತಿ ತೆಗೆದ ಚಿತ್ರಗಳು ‘ಮಾಯೆಯ ಮುಖಗಳು’ ಪುಸ್ತಕವಾದವು. ಕ್ಲಬ್ಬಿನ ಮೆಟ್ಟಿಲು ಹತ್ತದ ಎಷ್ಟೋ ಕನ್ನಡದ ಹುಡುಗರು ಕ್ಯಾಮೆರಾ ಹಿಡಿದದ್ದು ಅವರನ್ನು ಓದಿ.

ಆಗಿನ ಹಕ್ಕಿಚಿತ್ರಕ್ಕೆ ಗೆಳೆಯ ಬೇಕೇ ಬೇಕು. ಗೂಡಿನ ಎದುರು ಬಟ್ಟೆಯ ಮರೆ ಕಟ್ಟಿ ಇಬ್ಬರು ಒಳಗೆ ಹೋಗುತ್ತಾರೆ; ಒಬ್ಬ ಹೊರಬಂದು ಹಕ್ಕಿಗೆ ಕಾಣುವಂತೆ ನಡೆದು ಹೋಗುತ್ತಾನೆ. ಹಕ್ಕಿಗೆ ಲೆಕ್ಕ ತಪ್ಪುತ್ತದೆ. ಮನುಷ್ಯ ಹೋದ ಎಂದುಕೊಂಡು ಮರಿಗೆ ಗುಟುಕು ಕೊಡಲು ಬರುತ್ತದೆ, ಒಳಗಿದ್ದವನಿಗೆ ಚಿತ್ರ ಸಿಗುತ್ತದೆ. ಹೊರಗೆ ಹೋದವನಿಗೆ ಬಿಸಿಲು. ನಾಳೆ ಸರದಿ ಬದಲು.

ಈ ಗೂಡಿನ ಚಿತ್ರಗಳೇ ಮುಂದೆ ಪ್ರಶ್ನೆಗೆ ಒಳಗಾದವು. ಅಡ್ಡ ಬಂದ ಕೊಂಬೆ ಸವರಿದರೆ ಮರಿಗಳು ಬಿಸಿಲಿಗೂ ಕಾಗೆಗೂ ತುತ್ತಾಗುತ್ತವೆ ಎಂಬುದನ್ನು ತೆಗೆಯುವವರೇ ಕಣ್ಣಾರೆ ಕಂಡಿದ್ದರು. ಇವತ್ತು ನಮ್ಮ ದೇಶದ ಎಷ್ಟೋ ಸ್ಪರ್ಧೆಗಳು ಗೂಡಿನ ಚಿತ್ರವನ್ನು ಮುಟ್ಟುವುದಿಲ್ಲ. ಎಲ್ಲ ಗುಟ್ಟನ್ನೂ ಹಂಚಿಕೊಂಡು ಬೆಳೆದ ಈ ಬಳಗ, ಗೂಬೆ ಯಾವ ಮರದಲ್ಲಿ ಕೂರುತ್ತದೆ ಎಂಬುದನ್ನು ಮಾತ್ರ ಬಾಯಿಬಿಡಬಾರದೆಂದು ಕಲಿಯಿತು. ಹವ್ಯಾಸಿಗಳ ವಿಮರ್ಶೆ ಸಾಧಿಸಿದ ಅತಿ ದೊಡ್ಡ ಕೆಲಸ ಇದೇ ಇರಬೇಕು. ಪದಕ ಕೊಟ್ಟ ಕೈಗಳೇ ಪದಕ ತಡೆದವು.

ಪದಕದ ಇನ್ನೊಂದು ಮುಖ ಅಷ್ಟು ಚೆಂದವಿಲ್ಲ. ಸ್ಪರ್ಧಾ ಪ್ರದರ್ಶನಕ್ಕೆ ನಮ್ಮವರು ಸಲಾನ್ ಎನ್ನುತ್ತಾರೆ. ಮೂವರು ತೀರ್ಪುಗಾರರು, ಕೆಲವು ಕ್ಷಣದ ನೋಟ, ಒತ್ತಿದರೆ ಅಂಕ. ಆಯ್ಕೆಗಳು ಇಂತಿಷ್ಟಾದರೆ ಹೆಸರಿನ ಮುಂದೆ ಫಿಯಾಪ್ ಬಿರುದು ಎಎಫ್‌ಐಎಪಿ, ಇನ್ನಷ್ಟಾದರೆ ಇಎಫ್‌ಐಎಪಿ. ಇದು ಸಾಗರ, ಶಿವಮೊಗ್ಗದಂಥ ಊರಿನವರನ್ನೂ ಜಗತ್ತಿನ ಗೋಡೆಗಳ ಮೇಲೆ ನಿಲ್ಲಿಸಿತು, ನಿಜ. ಆದರೆ ಗೆದ್ದ ಚಿತ್ರದ ಅಚ್ಚು ಸಿದ್ಧವಾಯಿತು. ಕಂಬಳದಲ್ಲಿ ಚಿಮ್ಮುವ ಕೆಸರುನೀರು, ಧೂಳಿನ ನಡುವೆ ಕುರಿಮಂದೆ, ಸುಕ್ಕುಗಟ್ಟಿದ ಮುದುಕನ ಬಾಯಿಂದ ಬೀಡಿ ಹೊಗೆ. ಕುರಿಗಾಹಿಗೆ ನೂರಿನ್ನೂರು ಕೊಟ್ಟು ಮಂದೆಯನ್ನು ಮತ್ತೆ ಮತ್ತೆ ಓಡಿಸಿ ಧೂಳು ಎಬ್ಬಿಸುವುದಕ್ಕೆ ಏನೆನ್ನಬೇಕೋ. ನಿಯಮಗಳು ನಿಸರ್ಗದಂಥ ಕೆಲವು ವಿಭಾಗಗಳಲ್ಲಿ ಮಾತ್ರ ಬಿಗಿ: ಫಿಯಾಪ್, ಅಮೆರಿಕದ ಛಾಯಾಗ್ರಹಣ ಸಂಘ ಪಿಎಸ್‌ಎ, ಬ್ರಿಟನ್ನಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿ ಮೂರೂ ಸೇರಿ ನಿಸರ್ಗ ಚಿತ್ರಕ್ಕೆ 2015ರಿಂದ ಒಂದೇ ವ್ಯಾಖ್ಯೆ ತಂದವು. ಅದರ ಪ್ರಕಾರ ಚಿತ್ರದ ಯಾವ ಅಂಶವನ್ನೂ ಸೇರಿಸುವ, ಅಳಿಸುವ ಹಾಗಿಲ್ಲ.

ಡಿಜಿಟಲ್ ಬಂದ ಮೇಲಿನದು ಎಲ್ಲರಿಗೂ ಗೊತ್ತಿರುವ ಕಥೆ. ರೋಲಿನ ಖರ್ಚು ಹೋಯಿತು. ತಪ್ಪು ಮಾಡಿದ ಕ್ಷಣದಲ್ಲೇ ಕಾಣತೊಡಗಿತು. ಹೆಣ್ಣುಮಕ್ಕಳು, ನಿವೃತ್ತರು, ಕಾಲೇಜು ಹುಡುಗರು ತುಂಬಿಕೊಂಡರು. ಹೊಗಳಿಕೆಯೂ ಅಗ್ಗವಾಯಿತು. ಫೋನಿನಲ್ಲಿ ಹೆಬ್ಬೆರಳಿನಷ್ಟು ಕಾಣುವ ಮಿಂಚುಳ್ಳಿಗೆ “ಸೂಪರ್ ಸಾರ್” ಎಂದರೆ ಮುಗಿಯಿತು. ಅದರ ಕಣ್ಣು ಫೋಕಸ್ಸಿನಲ್ಲಿ ಇಲ್ಲವೆಂಬುದು ಹೇಳುವವನಿಗೂ ಕಾಣುವುದಿಲ್ಲ, ಕಂಡರೂ ಬಾಯಿಬಿಡುವುದಿಲ್ಲ, ನಾಳೆ ತನ್ನ ಚಿತ್ರಕ್ಕೂ ಸೂಪರ್ ಬೇಕಲ್ಲ! ಈಗ ಯಂತ್ರವೇ ಚಿತ್ರ ಹೆಣೆಯುವ ಕಾಲ ಬಂದಿರುವುದರಿಂದ ಚಿತ್ರವು ಸ್ಪರ್ಧಿಯೇ ಕ್ಯಾಮೆರಾದಿಂದ ತೆಗೆದದ್ದಾಗಿರಬೇಕೆಂದು ಸಲಾನ್‌ಗಳು ಕಟ್ಟುನಿಟ್ಟು ಮಾಡಿವೆ, ಅನುಮಾನ ಬಂದರೆ ಮೂಲ ಕಡತ ಕೇಳುತ್ತವೆ.

ಸ್ಪರ್ಧಿಗೆ ಕೊನೆಗೆ ತಲುಪುವುದು ಅಂಕಗಳ ಒಂದು ಪಟ್ಟಿ. ಕಾರಣ ಅದರಲ್ಲಿ ಇರುವುದಿಲ್ಲ. ಹಾಗಾಗಿಯೇ ಕೆಲವು ಕಡೆ ತೀರ್ಪನ್ನು ಸಭಿಕರೆದುರು ನಡೆಸಿ, ತೀರ್ಪುಗಾರರಿಂದ ಯಾಕೆಂದು ಹೇಳಿಸುತ್ತಾರೆ. ಬಹುಮಾನ ವಿತರಣೆಗಿಂತ ಇದಕ್ಕೆ ಹೋಗುವುದು ಲಾಭ ಎಂದು ನಾನು ಹೊಸಬರಿಗೆ ಹೇಳುತ್ತೇನೆ. ಹೋಗುವಾಗ ತಮ್ಮದೊಂದು ಪ್ರಿಂಟು ಒಯ್ದರೆ ಇನ್ನೂ ಒಳ್ಳೆಯದು. ಚಹಾದ ವಿರಾಮದಲ್ಲಿ ಯಾರಾದರೂ ಹಿರಿಯರನ್ನು ಹಿಡಿದು ತೋರಿಸಬಹುದು.